ಮೊದಲು ಸೀಟುಗಳ ಲೆಕ್ಕ ಕೊಡಿ

ವೃತ್ತಿಪರ ಲೀಗ್‌ಗಳ ಆಡಳಿತ ಮಂಡಳಿಗಳಿಗೆ, ಕ್ಲಬ್ ಮಾಲೀಕರಿಗೆ, ಕ್ರೀಡಾಂಗಣ ನಡೆಸುವವರಿಗೆ, ಟಿಕೆಟ್ ಮಾರುವ ಕಂಪನಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಮೈದಾನಕ್ಕೆ ಬಂದು ಪಂದ್ಯ ನೋಡುವ ಖರ್ಚು ಏಕೆ ಹೀಗೆ ಏರುತ್ತಿದೆ ಎಂದು ಕೇಳಿದಾಗಲೆಲ್ಲ ನಿಮ್ಮಿಂದ ಬರುವ ಉತ್ತರ ಒಂದೇ: ಬೇಡಿಕೆ ಹೆಚ್ಚು, ಸೀಟು ಕಡಿಮೆ. ಬೇಡಿಕೆ ಇರುವುದು ನಿಜ, ಒಪ್ಪೋಣ. ಸೀಟು ಕಡಿಮೆ ಎಂಬುದಕ್ಕೆ ಮಾತ್ರ ನೀವು ಲೆಕ್ಕ ತೋರಿಸುವುದಿಲ್ಲ. ಒಂದು ಪಂದ್ಯಕ್ಕೆ ಒಟ್ಟು ಎಷ್ಟು ಸೀಟು, ಅವುಗಳಲ್ಲಿ ಯಾರಿಗಾಗಿ ಎಷ್ಟನ್ನು ಎತ್ತಿಟ್ಟಿದ್ದೀರಿ, ಸಾಮಾನ್ಯ ಪ್ರೇಕ್ಷಕರಿಗೆ ಯಾವ ದಿನ ಯಾವ ಬೆಲೆಗೆ ಎಷ್ಟು ಬಿಡುತ್ತೀರಿ? ಇಷ್ಟನ್ನು ಮಾರಾಟ ಶುರುವಾಗುವ ಮುಂಚೆಯೇ ಪ್ರಕಟಿಸಿ ಎಂದು ಕೇಳಲು ಈ ಪತ್ರ. ಬೆಲೆಯ ಮಾತು ಆಮೇಲೆ. ಲೆಕ್ಕ ಕಣ್ಣಿಗೆ ಬಿದ್ದ ಮೇಲೆ ಬೆಲೆಯ ಬಗ್ಗೆ ವಾದ ಮಾಡುವುದು ಎರಡೂ ಕಡೆಯವರಿಗೆ ಸುಲಭ.

ಟಿಕೆಟ್ ವಿಭಾಗದವರಿಗೆ ಇದು ಹೊಸ ವಿಷಯವೇನಲ್ಲ. ಪ್ರತಿ ಪಂದ್ಯಕ್ಕೂ ಅವರ ಪರದೆಯ ಮೇಲೆ ಒಂದು ಸೀಟು ನಕ್ಷೆ ಇರುತ್ತದೆ, ಪ್ರತಿ ಸೀಟಿಗೂ ಒಂದು ಸ್ಥಿತಿ ಇರುತ್ತದೆ: ಮಾರಾಟಕ್ಕಿದೆ, ಮಾರಾಟವಾಗಿದೆ, ತಡೆಹಿಡಿಯಲಾಗಿದೆ, ಮಾರುವಂತಿಲ್ಲ. 40,000 ಸೀಟಿನ ಒಂದು ಕ್ರೀಡಾಂಗಣವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಕಂಬ ಅಡ್ಡ ಬರುವ, ಕ್ಯಾಮೆರಾ ಕೂರಿಸಿರುವ, ಎರಡು ತಂಡಗಳ ಬೆಂಬಲಿಗರ ನಡುವೆ ಖಾಲಿ ಬಿಡಬೇಕಾದ ಸೀಟುಗಳು 1,200 ಎನ್ನಿ. ಸೀಸನ್ ಟಿಕೆಟ್, ಅಂದರೆ ಸೀಸನ್ನಿನ ಪಂದ್ಯಗಳಿಗೆಲ್ಲ ಒಟ್ಟಿಗೆ ಕೊಂಡದ್ದು, 18,000. ಹಾಸ್ಪಿಟಾಲಿಟಿ (ಊಟ ಉಪಚಾರ ಸೇರಿದ ದುಬಾರಿ ಸೀಟು) ಮತ್ತು ಬಾಕ್ಸ್‌ಗಳಿಗೆ 3,000. ಪ್ರಾಯೋಜಕರು, ಪ್ರಸಾರಕರು, ಸಂಸ್ಥೆಯ ಪದಾಧಿಕಾರಿಗಳು, ಆಟಗಾರರ ಮನೆಯವರು ಎಲ್ಲ ಸೇರಿ 3,800. ಎದುರು ತಂಡದ ಬೆಂಬಲಿಗರಿಗೆ 3,000. ಸದಸ್ಯತ್ವ ಇರುವವರಿಗೆ, ಇಂಥದೇ ಬ್ಯಾಂಕ್ ಕಾರ್ಡ್ ಇರುವವರಿಗೆ ಎಂದು ಮುಂಚಿತವಾಗಿ ಮಾರುವುದು 5,000. ಕೊನೆಗೆ ಉಳಿಯುವುದು 6,000. ಒಬ್ಬರಿಗೆ 4 ಟಿಕೆಟ್ ಎಂದರೆ ಬರೀ 1,500 ಆರ್ಡರ್. ಅಷ್ಟು ಆರ್ಡರ್ ಮುಗಿಯಲು ಒಂದು ವೆಬ್‌ಸೈಟಿಗೆ ಎಷ್ಟು ಹೊತ್ತು ಬೇಕು? "ಕೆಲವೇ ನಿಮಿಷಗಳಲ್ಲಿ ಎಲ್ಲ ಟಿಕೆಟ್ ಖಾಲಿ" ಎಂಬ ನಿಮ್ಮ ಪ್ರಕಟಣೆಯ ಹಿಂದಿರುವುದು ಈ 6,000. ಓದುವವರು ಅದನ್ನು 40,000 ಎಂದು ತಿಳಿದು, ಮುಂದಿನ ಪಂದ್ಯಕ್ಕೆ ದುಪ್ಪಟ್ಟು ಕೊಡಲು ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಾರೆ.

ಈ ಅಂಕಿಗಳು ನಾವು ಇಟ್ಟುಕೊಂಡ ಉದಾಹರಣೆ, ಚಾಳಿ ಮಾತ್ರ ಊಹೆಯಲ್ಲ. ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಕಚೇರಿ 2016ರಲ್ಲಿ ಹೊರತಂದ ವರದಿ, ಹೆಚ್ಚು ಬೇಡಿಕೆಯ ಸಂಗೀತ ಕಾರ್ಯಕ್ರಮಗಳ ಟಿಕೆಟ್ ಹಂಚಿಕೆಯನ್ನು ಪರಿಶೀಲಿಸಿತು. ಸರಾಸರಿ 16% ಟಿಕೆಟ್‌ಗಳನ್ನು ಉದ್ಯಮದ ಒಳಗಿನವರಿಗೆಂದು ಎತ್ತಿಟ್ಟಿದ್ದರು, 38% ಮುಂಚಿತ ಮಾರಾಟಕ್ಕೆ ಹೋದವು, ಸಾರ್ವಜನಿಕರಿಗೆ ಸಿಕ್ಕಿದ್ದು 46%. ಕ್ರೀಡೆಯಲ್ಲಿ ಸೀಸನ್ ಟಿಕೆಟ್‌ನ ಪಾಲು ಬೇರೆ ಸೇರುವುದರಿಂದ ಉಳಿಯುವ ತುಣುಕು ಇನ್ನೂ ಚಿಕ್ಕದಾಗುತ್ತದೆ. ಸೀಸನ್ ಟಿಕೆಟ್ ತಪ್ಪು ಎಂದು ನಾವು ಹೇಳುತ್ತಿಲ್ಲ. ವರ್ಷವಿಡೀ ಬರುವವರಿಗೆ ಸೀಟು ಕಾಯ್ದಿರಿಸುವುದು ನ್ಯಾಯವೇ. ಹೇಳದೆ ಎತ್ತಿಟ್ಟು, ಆಮೇಲೆ ಕೊರತೆ ಎನ್ನುವುದಕ್ಕೆ ನಮ್ಮ ತಕರಾರು.

ತಡೆಹಿಡಿದ ಸೀಟುಗಳು ಕಂತುಕಂತಾಗಿ ಹೊರಬರುವುದು ಇದರ ಮುಂದಿನ ಹಂತ. ಮಾರಾಟದ ದಿನ ಮೇಲಿನ ಸ್ಟ್ಯಾಂಡಿನಲ್ಲಿ ಅಲ್ಲೊಂದು ಇಲ್ಲೊಂದು ಸೀಟು ಮಾತ್ರ ಕಾಣಿಸುತ್ತದೆ. ಗಾಬರಿಯಾದವರು ಸಿಕ್ಕ ಬೆಲೆಗೆ ಕೊಳ್ಳುತ್ತಾರೆ. ಎರಡು ವಾರದ ಬಳಿಕ, ಪ್ರಾಯೋಜಕರು ಹಿಂದಿರುಗಿಸಿದ ಒಳ್ಳೆಯ ಸೀಟುಗಳು ಸದ್ದಿಲ್ಲದೆ ನಕ್ಷೆಗೆ ಬಂದು ಸೇರುತ್ತವೆ. ಕೆಲವೊಮ್ಮೆ ಪಂದ್ಯದ ದಿನ ಬೆಳಿಗ್ಗೆ ಬರುತ್ತವೆ, ಯಾರೂ ನೋಡಿರುವುದಿಲ್ಲ, ಸೀಟು ಖಾಲಿಯೇ ಉಳಿಯುತ್ತದೆ. ಹಾಗಾಗಿ ನಮ್ಮ ಮೊದಲ ಬೇಡಿಕೆ ಎರಡು ಭಾಗದ್ದು. ಮಾರಾಟಕ್ಕೆ 7 ದಿನ ಮುಂಚೆ ಮೇಲೆ ಹೇಳಿದ ರೀತಿಯ ಹಂಚಿಕೆ ಪಟ್ಟಿ, ಸ್ಟ್ಯಾಂಡ್‌ವಾರು, ಬೆಲೆವಾರು ಪ್ರಕಟವಾಗಲಿ. ತಡೆಹಿಡಿದ ಸೀಟುಗಳಿಗೆ ವಾರಸುದಾರರು ಪಂದ್ಯಕ್ಕೆ 72 ಗಂಟೆ ಮುಂಚೆ ಹೆಸರು ಕೊಡದಿದ್ದರೆ ಅವು ತಾವಾಗಿಯೇ, ಮೊದಲು ಘೋಷಿಸಿದ ಮುಖಬೆಲೆಗೇ, ನಿಗದಿತ ಗಂಟೆಗೆ ಮಾರಾಟಕ್ಕೆ ಬರಲಿ. ಗಂಟೆ ನಿಗದಿಯಾಗಿರುವುದು ಮುಖ್ಯ. ಇಲ್ಲದಿದ್ದರೆ ದಿನವಿಡೀ ಪುಟವನ್ನು ತಿರುಗಿಸಿ ನೋಡುತ್ತಾ ಕೂರಬಲ್ಲವರಿಗೆ, ಅಂದರೆ ಬಾಟ್‌ಗಳಿಗೆ (ತಾವಾಗಿಯೇ ಟಿಕೆಟ್ ಕೊಳ್ಳುವ ಕಂಪ್ಯೂಟರ್ ಪ್ರೋಗ್ರಾಂಗಳಿಗೆ), ಮಾತ್ರ ಅವು ದಕ್ಕುತ್ತವೆ.

ಆನ್‌ಲೈನ್ ಕ್ಯೂ ಬಗ್ಗೆಯೂ ಒಂದು ಮಾತು. ಮಾರಾಟದ ಕ್ಷಣಕ್ಕೆ ಮುಂಚೆ ಕಾಯುವ ಪುಟಕ್ಕೆ ಬಂದವರ ಸರದಿಯನ್ನು ಹಲವು ವ್ಯವಸ್ಥೆಗಳು ಲಾಟರಿಯಂತೆ ಎತ್ತುತ್ತವೆ. ಬೇಗ ಬಂದದ್ದಕ್ಕೆ ಲಾಭವಿಲ್ಲ. ಇದು ಗೊತ್ತಿರುವವರು ಒಂದೇ ಮನೆಯಿಂದ ಎರಡು ಫೋನು, ಒಂದು ಲ್ಯಾಪ್‌ಟಾಪ್ ತೆರೆದಿಟ್ಟು ಮೂರು ಸರದಿ ಹಿಡಿಯುತ್ತಾರೆ. ಬಾಟ್ ನಡೆಸುವವರು ಸಾವಿರಗಟ್ಟಲೆ ಹಿಡಿಯುತ್ತಾರೆ. "ಕ್ಯೂನಲ್ಲಿ ಇಷ್ಟು ಲಕ್ಷ ಜನ" ಎಂದು ನೀವು ಹೆಮ್ಮೆಯಿಂದ ಹೇಳುವಾಗ ಎಣಿಸಿರುವುದು ಟೋಕನ್‌ಗಳನ್ನು, ಮನುಷ್ಯರನ್ನಲ್ಲ. ಆ ಸಂಖ್ಯೆಯನ್ನು ಆಧಾರವಾಗಿಟ್ಟುಕೊಂಡು ಬೆಲೆ ಏರಿಸುವುದು ಇನ್ನೂ ದೊಡ್ಡ ಯಡವಟ್ಟು. ಅಮೆರಿಕದಲ್ಲಿ ಟಿಕೆಟ್ ಬಾಟ್‌ಗಳ ವಿರುದ್ಧ 2016ರಲ್ಲೇ ಕಾನೂನು ಬಂತು. ಆದರೂ ಮಾರಾಟದ ವ್ಯವಸ್ಥೆಯೇ ಆತುರಕ್ಕೆ ಬಹುಮಾನ ಕೊಡುವಂತಿದ್ದರೆ ಕಾನೂನು ಎಷ್ಟರಮಟ್ಟಿಗೆ ಕಾಪಾಡಲು ಸಾಧ್ಯ? ದೊಡ್ಡ ಪಂದ್ಯಗಳಿಗೆ ಬ್ಯಾಲೆಟ್ ಪದ್ಧತಿ, ಅಂದರೆ ಅರ್ಜಿ ಪಡೆದು ಚೀಟಿ ಎತ್ತುವುದು, ಇದಕ್ಕಿಂತ ವಾಸಿ. 7ರಿಂದ 10 ದಿನ ಅರ್ಜಿಗೆ ತೆರೆದಿಡಿ. ಒಂದು ಗುರುತಿಗೆ ಒಂದೇ ಅರ್ಜಿ, ಗರಿಷ್ಠ 4 ಟಿಕೆಟ್. ಚೀಟಿ ಎತ್ತಿದ ಮೇಲೆ ಹಣ ಕಟ್ಟಲು 48 ಗಂಟೆ ಕೊಡಿ. ಯಾರೂ ಓಡಬೇಕಿಲ್ಲ, ಸರ್ವರ್ ಕೂಡ ಬೀಳುವುದಿಲ್ಲ.

ಇನ್ನು ಬೇಡಿಕೆ ನೋಡಿ ಬದಲಾಗುವ ಬೆಲೆ, ಡೈನಾಮಿಕ್ ಬೆಲೆ. 2009ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಬೇಸ್‌ಬಾಲ್ ತಂಡ ಸುಮಾರು 2,000 ಸೀಟುಗಳ ಮೇಲೆ ಇದನ್ನು ಪ್ರಯೋಗಿಸಿ, ಮರುವರ್ಷ ಇಡೀ ಮೈದಾನಕ್ಕೆ ವಿಸ್ತರಿಸಿತು. ಎದುರಾಳಿ ಯಾರು, ವಾರದ ಯಾವ ದಿನ, ಹವಾಮಾನ ಹೇಗಿದೆ, ಎಷ್ಟು ಸೀಟು ಉಳಿದಿವೆ, ಮರುಮಾರಾಟದ ತಾಣಗಳಲ್ಲಿ ಎಷ್ಟಕ್ಕೆ ಹೋಗುತ್ತಿದೆ ಎಂಬುದನ್ನೆಲ್ಲ ಕೂಡಿಸಿ ಕಳೆದು ಸಾಫ್ಟ್‌ವೇರ್ ಬೆಲೆ ಹೇಳುತ್ತದೆ. ಕಾಗದದ ಮೇಲೆ ಇದು ನ್ಯಾಯವಾಗಿಯೇ ಕಾಣುತ್ತದೆ: ಬೇಡಿಕೆ ಇದ್ದಾಗ ಏರಲಿ, ಇಲ್ಲದಾಗ ಇಳಿಯಲಿ. ಆದರೆ ಬೆಲೆ ಇಳಿಯುವುದಿಲ್ಲ. ಏಕೆ ಎಂಬುದರ ಗುಟ್ಟು ಸೀಸನ್ ಟಿಕೆಟ್‌ನ ಕರಾರಿನಲ್ಲಿದೆ. ಸೀಸನ್ ಟಿಕೆಟ್ ಕೊಂಡವರು ಪಂದ್ಯವೊಂದಕ್ಕೆ ಕೊಟ್ಟ ಬೆಲೆಗಿಂತ ಕೆಳಗೆ ಬಿಡಿ ಟಿಕೆಟ್ ಮಾರಿದರೆ ಅವರು ಮುಂದಿನ ವರ್ಷ ನವೀಕರಿಸುವುದಿಲ್ಲ. ಆದ್ದರಿಂದ ಕ್ಲಬ್‌ಗಳು ಅದಕ್ಕೊಂದು ತಳ ಕಟ್ಟುತ್ತವೆ. ಮೇಲೆ ಮಾತ್ರ ಚಾವಣಿ ಇರುವುದಿಲ್ಲ. ತಳ ಭದ್ರವಾಗಿದ್ದು ಚಾವಣಿ ಇಲ್ಲದ ಲೆಕ್ಕಾಚಾರಕ್ಕೆ "ಏರಿಳಿತ" ಎಂದು ಹೆಸರಿಡುವುದು ಕಣ್ಣಿಗೆ ಮಣ್ಣೆರಚುವ ಕೆಲಸ.

ಈ ಪದ್ಧತಿ ಬೇಕೇ ಬೇಕು ಎಂದಾದರೆ ಹೀಗೆ ಮಾಡಿ. ಮಾರಾಟಕ್ಕೆ ಮುಂಚೆಯೇ ಪ್ರತಿ ಸ್ಟ್ಯಾಂಡಿಗೆ ಕನಿಷ್ಠ, ಗರಿಷ್ಠ ಎರಡೂ ಬೆಲೆ ಹೇಳಿ. ಗರಿಷ್ಠವು ಮೂಲಬೆಲೆಯ 1.3 ಪಟ್ಟು ದಾಟದಿರಲಿ. ಕ್ಯೂಗೆ ಸೇರಿದ ಕ್ಷಣದಲ್ಲಿ ತೋರಿಸಿದ ಬೆಲೆ ಸರದಿ ಬರುವ ತನಕ ಬದಲಾಗಬಾರದು. ಒಂದು ಗಂಟೆ ಕಾದು ಒಳಬಂದವರ ಮುಂದೆ ಹೊಸ ಬೆಲೆ ಇಟ್ಟು, ಆರಿಸಿಟ್ಟ ಟಿಕೆಟ್ ಕೈತಪ್ಪಲು ಇಷ್ಟೇ ನಿಮಿಷ ಎಂದು ಗಡಿಯಾರ ಓಡಿಸುವುದು ಮಾರಾಟವಲ್ಲ, ಒತ್ತಡ. ಪ್ರತಿ ಸ್ಟ್ಯಾಂಡಿನ ಕನಿಷ್ಠ ಕಾಲುಭಾಗವನ್ನು ಸ್ಥಿರ ಬೆಲೆಗೇ ಬಿಡಿ. ಪಂದ್ಯ ಮುಗಿದ ಮೇಲೆ, ಯಾವ ದಿನ ಸರಾಸರಿ ಎಷ್ಟಕ್ಕೆ ಮಾರಿದಿರಿ ಎಂಬುದನ್ನು ಪ್ರಕಟಿಸಿ. ಮುಂದಿನ ಸಲ ಕಾಯಬೇಕೋ ಕೊಳ್ಳಬೇಕೋ ಎಂದು ಪ್ರೇಕ್ಷಕರೇ ತೀರ್ಮಾನಿಸುತ್ತಾರೆ.

ಮುಖಬೆಲೆಯ ಮೇಲೆ ಏರುವ ಶುಲ್ಕಗಳ ಕಥೆಯನ್ನು ಉದ್ದ ಎಳೆಯಬೇಕಿಲ್ಲ, ಎಲ್ಲರೂ ಸುಟ್ಟುಕೊಂಡವರೇ. ಟಿಕೆಟ್ಟೊಂದಕ್ಕೆ ಸೇವಾ ಶುಲ್ಕ, ಆರ್ಡರಿಗೆ ಸಂಸ್ಕರಣಾ ಶುಲ್ಕ, ಕ್ರೀಡಾಂಗಣದ ಸೌಕರ್ಯ ಶುಲ್ಕ, ಫೋನಿಗೆ ಬರುವ ಟಿಕೆಟಿಗೂ ತಲುಪಿಸುವ ಶುಲ್ಕ. ನ್ಯೂಯಾರ್ಕ್‌ನ ಅದೇ ವರದಿಯ ಪ್ರಕಾರ ಇಂಥ ಶುಲ್ಕಗಳು ಸರಾಸರಿ ಮುಖಬೆಲೆಯ 21%ರಷ್ಟಾಗುತ್ತಿದ್ದವು. ನಾಲ್ವರ ಕುಟುಂಬಕ್ಕೆ ಎಂದರೆ ಹತ್ತಿರ ಹತ್ತಿರ ಐದನೆಯವರ ಟಿಕೆಟ್ಟಿನ ಹಣ. ಈ ದುಡ್ಡೆಲ್ಲ ಟಿಕೆಟ್ ಕಂಪನಿಯ ಜೇಬಿಗೆ ಹೋಗುತ್ತದೆ ಎಂಬ ನಂಬಿಕೆಯನ್ನು ನೀವು ಹಾಗೇ ಬೆಳೆಯಲು ಬಿಟ್ಟಿದ್ದೀರಿ. ಮಾರಾಟದ ಏಕಸ್ವಾಮ್ಯ ಪಡೆಯಲು ಟಿಕೆಟ್ ಕಂಪನಿಗಳು ಕ್ರೀಡಾಂಗಣಗಳಿಗೆ ಮುಂಗಡ ಕೊಡುವುದೂ, ಸೇವಾ ಶುಲ್ಕದಲ್ಲಿ ಪಾಲು ಹಿಂದಿರುಗಿಸುವುದೂ ಈ ವ್ಯವಹಾರದಲ್ಲಿ ಮಾಮೂಲು. ಬೈಗುಳ ಒಬ್ಬರಿಗೆ, ಪಾಲು ಇಬ್ಬರಿಗೆ. ಅಮೆರಿಕದ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2025ರ ಮೇ 12ರಿಂದ, ನೇರ ಕಾರ್ಯಕ್ರಮಗಳ ಟಿಕೆಟಿಗೆ ಕಡ್ಡಾಯ ಶುಲ್ಕಗಳೆಲ್ಲ ಸೇರಿದ ಒಟ್ಟು ಬೆಲೆಯನ್ನು ಮೊದಲೇ ತೋರಿಸಬೇಕು ಎಂಬ ನಿಯಮ ಜಾರಿಗೆ ತಂದಿದೆ. ಅದು ಶುಲ್ಕವನ್ನು ನಿಷೇಧಿಸಿಲ್ಲ, ಬಚ್ಚಿಡುವುದನ್ನು ನಿಷೇಧಿಸಿದೆ. ಅಷ್ಟನ್ನಾದರೂ ಕಾನೂನು ಬರುವ ತನಕ ಕಾಯದೆ ಎಲ್ಲ ಕಡೆ ಮಾಡಬಹುದು. ಜೊತೆಗೆ, ಶುಲ್ಕದಲ್ಲಿ ಕ್ಲಬ್‌ಗೆ ಎಷ್ಟು, ಕ್ರೀಡಾಂಗಣಕ್ಕೆ ಎಷ್ಟು, ಕಂಪನಿಗೆ ಎಷ್ಟು ಎಂದು ರಸೀದಿಯಲ್ಲೇ ಬರೆಯಿರಿ.

ಮರುಮಾರಾಟಕ್ಕೆ ಬರೋಣ. ಕಾಳಸಂತೆಯವರನ್ನು ದೂರುವ ಪದ್ಧತಿ ಹಳೆಯದು. ಈಗ ಬೇಲಿಯೇ ಎದ್ದು ಹೊಲ ಮೇಯುತ್ತಿದೆ. ಟಿಕೆಟ್ ಮಾರಿದವರೇ ಮರುಮಾರಾಟದ ತಾಣವನ್ನೂ ನಡೆಸುತ್ತಾರೆ, ಎರಡೂ ಕಡೆಯಿಂದ ಕಮಿಷನ್ ಎತ್ತುತ್ತಾರೆ. 2026ರ ಫುಟ್‌ಬಾಲ್ ವಿಶ್ವಕಪ್‌ಗೆ ಅದನ್ನು ನಡೆಸುವ ಫಿಫಾ ತನ್ನ ಅಧಿಕೃತ ಮರುಮಾರಾಟ ತಾಣದಲ್ಲಿ ಇಟ್ಟಿದ್ದು ಕೊಳ್ಳುವವರಿಂದ 15%, ಮಾರುವವರಿಂದ 15%. ಲೆಕ್ಕ ಹಾಕಿ. 100ರ ಟಿಕೆಟನ್ನು ಒಬ್ಬರು 150ಕ್ಕೆ ಇಟ್ಟರೆ ಕೊಂಡವರು ಕೊಡುವುದು 172.50. ಮಾರಿದವರ ಕೈಗೆ ಬರುವುದು 127.50. ನಡುವೆ ಕುಳಿತವರಿಗೆ 45. ಮಾರಿದವರ ಲಾಭ 27.50 ಮಾತ್ರ, ಅಂದರೆ ಕಾಳಸಂತೆ ಮಾಡಿದವರಿಗಿಂತ ಅದಕ್ಕೆ ಜಾಗ ಕೊಟ್ಟವರಿಗೆ ಹೆಚ್ಚು. ಅದೇ ಟಿಕೆಟ್ ಮತ್ತೊಮ್ಮೆ ಕೈ ಬದಲಿಸಿದರೆ ಮತ್ತೊಮ್ಮೆ ಕಮಿಷನ್. ಹೀಗಿರುವಾಗ ಬೆಲೆ ಏರುವುದನ್ನು ತಡೆಯಲು ಆ ತಾಣಕ್ಕೆ ಏನು ಕಾರಣವಿದೆ?

ಫಿಫಾ ವಿಷಯ ಬಂದದ್ದರಿಂದ ಇನ್ನೊಂದು ಲೆಕ್ಕ. ಆ ವಿಶ್ವಕಪ್‌ಗಾಗಿ ಆತಿಥೇಯ ದೇಶಗಳು ಸಲ್ಲಿಸಿದ ಬಿಡ್ ದಾಖಲೆಯಲ್ಲಿ ಗುಂಪು ಹಂತದ ಅತಿ ಕಡಿಮೆ ಬೆಲೆ 21 ಡಾಲರ್ ಎಂದಿತ್ತು. ಮಾರಾಟ ಶುರುವಾದಾಗ ಕೆಳಗಿನ ಬೆಲೆ 60 ಡಾಲರ್, ಫೈನಲ್‌ನ ಮೇಲಿನ ಬೆಲೆ 6,730 ಡಾಲರ್. ಅಭಿಮಾನಿಗಳು ಸಿಟ್ಟಿಗೆದ್ದ ಮೇಲೆ 2025ರ ಡಿಸೆಂಬರ್‌ನಲ್ಲಿ ಎಲ್ಲ 104 ಪಂದ್ಯಗಳಿಗೂ 60 ಡಾಲರ್ ಟಿಕೆಟ್ ಘೋಷಣೆಯಾಯಿತು. ಸುದ್ದಿ ಕೇಳಲು ಹಿತವಾಗಿತ್ತು. ಒಳಹೊಕ್ಕು ನೋಡಿದರೆ ಅದು ಆಡುವ ತಂಡಗಳ ಸಂಸ್ಥೆಗಳಿಗೆ ಸಿಗುವ ಪಾಲಿನ 10% ಮಾತ್ರ, ಮತ್ತು ಆ ಪಾಲು ತಂಡವೊಂದಕ್ಕೆ ಮಾರಾಟದ ಸೀಟುಗಳ 8%. ಅಂದರೆ ತಂಡಕ್ಕೆ 0.8%, ಎರಡೂ ತಂಡ ಸೇರಿ 1.6%. ನೂರು ಸೀಟಿಗೆ ಎರಡೂ ಇಲ್ಲ. ಮೂಗಿಗೆ ತುಪ್ಪ ಸವರುವುದು ಎಂದರೆ ಇದೇ. ಈ ಅನುಪಾತವಾದರೂ ಹೊರಗೆ ಬಂದದ್ದರಿಂದ ನಮ್ಮಂಥವರು ಭಾಗಾಕಾರ ಮಾಡಲು ಸಾಧ್ಯವಾಯಿತು. ನೀವು ಹಂಚಿಕೆ ಪಟ್ಟಿ ಬಚ್ಚಿಡುವುದು ಏಕೆ ಎಂಬುದಕ್ಕೂ ಇಲ್ಲೇ ಉತ್ತರ ಸಿಗುತ್ತದೆ.

ಮುಖಬೆಲೆಗೇ ಮರುಮಾರಾಟ ನಡೆಸುವುದು ಆಗದ ಕೆಲಸವಲ್ಲ. ಐರ್ಲೆಂಡ್ 2021ರ ಕಾಯ್ದೆಯ ಮೂಲಕ, ಅಧಿಸೂಚಿತ ಸ್ಥಳಗಳ ಮತ್ತು ಕಾರ್ಯಕ್ರಮಗಳ ಟಿಕೆಟ್‌ಗಳನ್ನು ಮೂಲಬೆಲೆಗಿಂತ ಹೆಚ್ಚಿಗೆ ಮಾರುವುದನ್ನು ನಿಷೇಧಿಸಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಫುಟ್‌ಬಾಲ್ ಟಿಕೆಟನ್ನು ಅನುಮತಿಯಿಲ್ಲದೆ ಮಾರುವುದೇ 1994ರಿಂದ ಅಪರಾಧ, ಬೆಂಬಲಿಗರನ್ನು ಬೇರೆ ಬೇರೆ ಕೂರಿಸುವ ಸುರಕ್ಷತೆಯ ಕಾರಣಕ್ಕೆ. ವಿಂಬಲ್ಡನ್‌ನಲ್ಲಿ ಬೇಗ ಹೊರಟವರ ಟಿಕೆಟ್‌ಗಳನ್ನು ಅದೇ ದಿನ ಒಳಗೇ ಕಡಿಮೆ ಬೆಲೆಗೆ ಮತ್ತೆ ಮಾರಿ, ಬಂದ ಹಣವನ್ನು ದಾನಕ್ಕೆ ಕೊಡುತ್ತಾರೆ. ಕ್ಲಬ್ ಮಟ್ಟದಲ್ಲಿ ಬೇಕಾಗುವ ವ್ಯವಸ್ಥೆ ಇಷ್ಟೇ: ಬರಲಾಗದವರು ಪಂದ್ಯಕ್ಕೆ 24 ಗಂಟೆ ಮುಂಚಿನ ತನಕ ಆ್ಯಪ್‌ನಲ್ಲಿ ಸೀಟನ್ನು ಹಿಂದಿರುಗಿಸಲಿ, ಹಳೆಯ ಬಾರ್‌ಕೋಡ್ ಆ ಕ್ಷಣವೇ ರದ್ದಾಗಲಿ, ಕಾಯುವ ಪಟ್ಟಿಯಲ್ಲಿ ಮುಂದಿರುವವರಿಗೆ ಹೊಸ ಬಾರ್‌ಕೋಡ್ ಹೋಗಲಿ, ಅವರು 2 ಗಂಟೆಯೊಳಗೆ ಹಣ ಕಟ್ಟದಿದ್ದರೆ ಸರದಿ ಮುಂದಿನವರದ್ದು, ಮಾರಾಟವಾದ ಮೇಲೆ ಹಿಂದಿರುಗಿಸಿದವರಿಗೆ ಮುಖಬೆಲೆ ವಾಪಸ್. ಖರ್ಚಿಗೆಂದು 5% ಹಿಡಿದುಕೊಳ್ಳಿ, ಬೇಡ ಎನ್ನುವುದಿಲ್ಲ. ಮನೆಯವರಿಗೆ, ಗೆಳೆಯರಿಗೆ ದಾಟಿಸುವುದು ಉಚಿತವಾಗಿರಲಿ. ಇಲ್ಲಿ ಎಡವುವುದು ಸಾಮಾನ್ಯವಾಗಿ ಒಂದೇ ಜಾಗದಲ್ಲಿ: ಹಿಂದಿರುಗಿಸಿದ ಸೀಟು ಕಾಯುವ ಪಟ್ಟಿಗೆ ಹೋಗದೆ ಡೈನಾಮಿಕ್ ಬೆಲೆಯ ಮಾರಾಟಕ್ಕೆ ಸೇರಿಬಿಡುತ್ತದೆ. ಆಗ ಮುಖಬೆಲೆ ವಾಪಸ್ ಪಡೆದವರ ಔದಾರ್ಯ ಕ್ಲಬ್‌ನ ಲಾಭವಾಗುತ್ತದೆ.

ಕೆಲವು ಸೆಕೆಂಡಿಗೊಮ್ಮೆ ಬದಲಾಗುವ ಬಾರ್‌ಕೋಡ್ ಇರುವ ಫೋನ್ ಟಿಕೆಟ್‌ನಿಂದ ನಕಲಿ ಹಾವಳಿ ತಗ್ಗಿದೆ, ನಿಜ. ಸ್ಕ್ರೀನ್‌ಶಾಟ್ ತೋರಿಸಿ ನಾಲ್ವರು ಒಳನುಗ್ಗುವಂತಿಲ್ಲ. ಆದರೆ ಅದೇ ತಂತ್ರ ಟಿಕೆಟನ್ನು ಒಂದೇ ಕಂಪನಿಯ ಆ್ಯಪ್‌ಗೆ ಕಟ್ಟಿಹಾಕುತ್ತದೆ, ಮುಖಬೆಲೆಗೆ ಮಾರುವ ಬೇರೆ ತಾಣಕ್ಕೆ ದಾರಿ ಮುಚ್ಚುತ್ತದೆ. ಬ್ಯಾಟರಿ ಮುಗಿದವರು, ಜನಸಂದಣಿಯಲ್ಲಿ ನೆಟ್‌ವರ್ಕ್ ಸಿಗದವರು, ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರು ಗೇಟಿನಲ್ಲಿ ಸಿಕ್ಕಿಕೊಳ್ಳುತ್ತಾರೆ. ಕೇಳಿದವರಿಗೆ ಕಾಗದದ ಟಿಕೆಟ್ ಕೊಡಿ, ಹೆಚ್ಚಿನ ಶುಲ್ಕವಿಲ್ಲದೆ.

ಟಿಕೆಟ್ ಮೇಲೆ ಹೆಸರು ಅಚ್ಚಾಗಲಿ ಎಂದರೆ ನೀವು ಕೂಡಲೇ ಹೇಳುವುದು, ಗೇಟಿನಲ್ಲಿ ಎಲ್ಲರ ಗುರುತು ನೋಡುತ್ತ ನಿಂತರೆ ಪಂದ್ಯ ಮುಗಿದಿರುತ್ತದೆ ಎಂದು. ಎಲ್ಲರದ್ದೂ ನೋಡಿದರೆ ಹೌದು. ಬ್ರಿಟನ್‌ನಲ್ಲಿ ಕ್ರೀಡಾಂಗಣ ಸುರಕ್ಷತೆಗೆ ಬಳಸುವ ಗ್ರೀನ್ ಗೈಡ್ ಎಂಬ ಕೈಪಿಡಿ ಒಂದು ಟರ್ನ್‌ಸ್ಟೈಲ್‌ಗೆ (ಒಬ್ಬೊಬ್ಬರನ್ನೇ ಒಳಬಿಡುವ ತಿರುಗುವ ಗೇಟಿಗೆ) ಗಂಟೆಗೆ 660 ಜನರ ಮಿತಿ ಇಟ್ಟುಕೊಳ್ಳುತ್ತದೆ, ಅಂದರೆ ಒಬ್ಬರಿಗೆ ಸುಮಾರು 5.45 ಸೆಕೆಂಡ್. 40,000 ಜನ ಒಂದು ಗಂಟೆಯಲ್ಲಿ ಒಳಬರಬೇಕಾದರೆ 61 ಟರ್ನ್‌ಸ್ಟೈಲ್ ಸಾಕು. ಪ್ರತಿಯೊಬ್ಬರ ಗುರುತು ನೋಡಲು 10 ಸೆಕೆಂಡ್ ಸೇರಿಸಿದರೆ ಗಂಟೆಗೆ 233 ಜನ. ಬೇಕಾಗುವ ಟರ್ನ್‌ಸ್ಟೈಲ್ 172. ಯಾವ ಕ್ರೀಡಾಂಗಣಕ್ಕೂ ಇದು ಆಗುಹೋಗುವ ಮಾತಲ್ಲ. ಆದರೆ ಇಪ್ಪತ್ತರಲ್ಲಿ ಒಬ್ಬರನ್ನು ಮಾತ್ರ ನೋಡಿದರೆ ಸರಾಸರಿ ಅರ್ಧ ಸೆಕೆಂಡ್ ಹೆಚ್ಚುತ್ತದೆ, ಗಂಟೆಗೆ 605 ಜನ, 67 ಟರ್ನ್‌ಸ್ಟೈಲ್. ಆರು ಹೆಚ್ಚು, ಅಷ್ಟೆ. ಇಪ್ಪತ್ತಕ್ಕೊಬ್ಬರು ಸಿಕ್ಕಿಬೀಳುವ ಸಾಧ್ಯತೆ ಇದ್ದರೆ, ನೂರು ಟಿಕೆಟ್ ಕೊಂಡು ಬ್ಲ್ಯಾಕ್‌ನಲ್ಲಿ ಮಾರುವವರ ವ್ಯಾಪಾರಕ್ಕೆ ಪೆಟ್ಟು ಬೀಳುತ್ತದೆ, ಮನೆಯವರ ಟಿಕೆಟಿನಲ್ಲಿ ಬಂದ ಹುಡುಗನಿಗೆ ತೊಂದರೆಯಾಗುವುದಿಲ್ಲ. ತಪಾಸಣೆಗೆ ಆರಿಸಿದವರನ್ನು ಸಾಲಿನಿಂದ ಪಕ್ಕಕ್ಕೆ ಕರೆಯಿರಿ. ಟರ್ನ್‌ಸ್ಟೈಲ್ ಎದುರೇ ನಿಲ್ಲಿಸಿ 10 ಸೆಕೆಂಡ್ ಮೀರಿ ಪ್ರಶ್ನೆ ಕೇಳಿದರೆ ಮೇಲಿನ ಲೆಕ್ಕವೆಲ್ಲ ತಲೆಕೆಳಗು.

ಆಟಗಾರರ ಸಂಬಳ ಏರಿದ್ದರಿಂದ ಟಿಕೆಟ್ ಏರಿಸಬೇಕಾಯಿತು ಎಂಬ ಸಮಜಾಯಿಷಿಯನ್ನು ದಯವಿಟ್ಟು ಕೈಬಿಡಿ. ಸೀಸನ್ ಶುರುವಾಗುವ ಹೊತ್ತಿಗೆ ಸಂಬಳ ನಿಗದಿಯಾಗಿರುತ್ತದೆ. ಮೈದಾನಕ್ಕೆ ಇನ್ನೊಬ್ಬರು ಬಂದರೂ ಬಾರದಿದ್ದರೂ ಅದು ಬದಲಾಗುವುದಿಲ್ಲ. ಟಿಕೆಟ್ಟಿನ ಬೆಲೆ ಗೊತ್ತಾಗುವುದು ಜನ ಎಷ್ಟು ಕೊಡಬಲ್ಲರು ಎಂಬುದರಿಂದ. ಮೇಲಾಗಿ ದೊಡ್ಡ ಲೀಗ್‌ಗಳು ಬದುಕುತ್ತಿರುವುದು ಪ್ರಸಾರ ಹಕ್ಕಿನ ಮೇಲೆ. ಇಂಗ್ಲೆಂಡಿನ ಫುಟ್‌ಬಾಲ್ ಪ್ರೀಮಿಯರ್ ಲೀಗ್ ಕ್ಲಬ್‌ಗಳ ಒಟ್ಟು ಆದಾಯದಲ್ಲಿ ಪಂದ್ಯದ ದಿನದ ಗಳಿಕೆ ಸುಮಾರು ಏಳನೇ ಒಂದು ಭಾಗ. ಆ ಏಳನೇ ಒಂದು ಭಾಗದಲ್ಲೂ ಹಾಸ್ಪಿಟಾಲಿಟಿಯ ಪಾಲು ದೊಡ್ಡದು. ಅಗ್ಗದ ಸ್ಟ್ಯಾಂಡಿನಲ್ಲಿ ಕೂರುವವರಿಂದ ಇನ್ನಷ್ಟು ಹಿಂಡಿದರೆ ಬರುವುದು ಪುಡಿಗಾಸು. ಕಳೆದುಕೊಳ್ಳುವುದು ಗದ್ದಲವನ್ನು, ಟಿವಿಯಲ್ಲಿ ಪಂದ್ಯ ಮಾರಾಟವಾಗುವುದಕ್ಕೆ ಅರ್ಧ ಕಾರಣವಾದ ಗದ್ದಲವನ್ನು. 2009ರಲ್ಲಿ ನ್ಯೂಯಾರ್ಕ್‌ನಲ್ಲಿ ಬೇಸ್‌ಬಾಲ್‌ನ ಹೊಸ ಯಾಂಕಿ ಸ್ಟೇಡಿಯಂ ತೆರೆದಾಗ ಮೊದಲ ಸಾಲಿನ ಕೆಲವು ಸೀಟುಗಳಿಗೆ ಪಂದ್ಯವೊಂದಕ್ಕೆ 2,500 ಡಾಲರ್ ಇಟ್ಟಿದ್ದರು. ಟಿವಿ ಕ್ಯಾಮೆರಾ ತಿರುಗಿದಾಗಲೆಲ್ಲ ಬ್ಯಾಟರ್‌ನ ಹಿಂದೆ ಖಾಲಿ ಕುರ್ಚಿಗಳು ಕಾಣತೊಡಗಿದವು. ಅದೇ ಏಪ್ರಿಲ್ ಮುಗಿಯುವಷ್ಟರಲ್ಲಿ ಆ ಸೀಟುಗಳ ಬೆಲೆ 1,250ಕ್ಕೆ ಇಳಿಯಿತು.

ಬೆಲೆ ಇಳಿಸಿದರೆ ನಷ್ಟ ಎಂಬ ನಂಬಿಕೆಯೂ ಪರೀಕ್ಷೆಗೆ ಒಳಗಾಗಿದೆ. 2017ರಲ್ಲಿ ತೆರೆದ ಅಟ್ಲಾಂಟಾದ ಮರ್ಸಿಡಿಸ್-ಬೆಂಜ್ ಕ್ರೀಡಾಂಗಣದಲ್ಲಿ ಹಾಟ್‌ಡಾಗ್ 2 ಡಾಲರ್, ಮತ್ತೆ ಮತ್ತೆ ತುಂಬಿಸಿಕೊಳ್ಳಬಹುದಾದ ತಂಪುಪಾನೀಯ 2 ಡಾಲರ್ ಎಂದು ಇಟ್ಟರು. ಹಳೆಯ ಕ್ರೀಡಾಂಗಣಕ್ಕೆ ಹೋಲಿಸಿದರೆ ತಿಂಡಿ ಪಾನೀಯಗಳ ಬೆಲೆ ಅರ್ಧದಷ್ಟು. ಮೊದಲ ಸೀಸನ್‌ನಲ್ಲಿ ಪ್ರೇಕ್ಷಕರೊಬ್ಬರ ಸರಾಸರಿ ಖರ್ಚು 16% ಏರಿತು. ಇದರ ಹಿಂದಿನ ಕೀಲಿ ಕಾಂಟ್ರಾಕ್ಟ್‌ನಲ್ಲಿದೆ. ಸಾಮಾನ್ಯವಾಗಿ ಮಳಿಗೆ ನಡೆಸುವವರು ಮಾರಾಟದಲ್ಲಿ ದೊಡ್ಡ ಪಾಲನ್ನು ಕ್ಲಬ್‌ಗೆ ಕಮಿಷನ್ ಕೊಡಬೇಕು; ಆ ಹಣವನ್ನು ನೀರಿನ ಬಾಟಲಿಯ ಮೇಲೆ ಹಾಕದೆ ಅವರಿಗೆ ಬೇರೆ ದಾರಿಯಿಲ್ಲ. ಅಟ್ಲಾಂಟಾದಲ್ಲಿ ಬೆಲೆ ನಿಗದಿ ಮಾಡುವ ಹಕ್ಕನ್ನು ಮಾಲೀಕರೇ ಇಟ್ಟುಕೊಂಡು, ಮಳಿಗೆ ನಡೆಸುವ ಕಂಪನಿಗೆ ನಿರ್ವಹಣಾ ಶುಲ್ಕ ಕೊಟ್ಟರು. ತೆರಿಗೆ ಸೇರಿಸಿ ಚಿಲ್ಲರೆಯಿಲ್ಲದ ಬೆಲೆ ಇಟ್ಟದ್ದರಿಂದ ಸಾಲೂ ಬೇಗ ಕರಗಿತು. ಆ ಕಾಂಟ್ರಾಕ್ಟ್ ನವೀಕರಣಕ್ಕೆ ಬಂದಾಗ ನಿಮ್ಮಲ್ಲಿ ಎಷ್ಟು ಜನ ಈ ಷರತ್ತನ್ನು ಮೇಜಿನ ಮೇಲಿಟ್ಟಿದ್ದೀರಿ? ಅದಾಗುವ ತನಕ, ಹೊರಗಿನ ನೀರು ತರಬಾರದು ಎಂದು ಗೇಟಿನಲ್ಲಿ ಬಾಟಲಿ ಕಸಿಯುವ ಕಡೆಯೆಲ್ಲ ಒಳಗೆ ಉಚಿತ ಕುಡಿಯುವ ನೀರಿನ ನಲ್ಲಿ ಇರಲೇಬೇಕು, ಪ್ರತಿ ಸ್ಟ್ಯಾಂಡಿನಲ್ಲೂ.

ಅಗ್ಗದ ಜಾಗ ಎಂಬುದೇ ಕ್ರೀಡಾಂಗಣದ ನಕ್ಷೆಯಿಂದ ಅಳಿಸಿಹೋಗುತ್ತಿರುವುದು ನಮ್ಮ ದೊಡ್ಡ ಚಿಂತೆ. 1989ರಲ್ಲಿ ಹಿಲ್ಸ್‌ಬರೋ ಕ್ರೀಡಾಂಗಣದ ನೂಕುನುಗ್ಗಲಿನಲ್ಲಿ ಪ್ರೇಕ್ಷಕರು ಸತ್ತ ದುರಂತದ ನಂತರ ಬಂದ ಟೇಲರ್ ವರದಿ, ಇಂಗ್ಲೆಂಡಿನ ದೊಡ್ಡ ಫುಟ್‌ಬಾಲ್ ಮೈದಾನಗಳಲ್ಲಿ ನಿಂತು ನೋಡುವ ಜಾಗ ತೆಗೆದು ಎಲ್ಲರಿಗೂ ಸೀಟು ಹಾಕಲು ಹೇಳಿತು. ಸುರಕ್ಷತೆಗಾಗಿ ಹೇಳಿದ ಮಾತು ಅದು. ಅದೇ ವರದಿ, ನಿಂತು ನೋಡುವವರ ಜೇಬಿಗೆ ಹೊಂದುವಂತೆ ಅಗ್ಗದ ಸೀಟುಗಳ ಬೆಲೆ ಇಡಬಹುದು ಎಂದೂ ಬರೆದಿತ್ತು. ಗ್ಲಾಸ್ಗೋದ ಐಬ್ರಾಕ್ಸ್‌ನಲ್ಲಿ ಸೀಟಿಗೆ 6 ಪೌಂಡ್, ನಿಲ್ಲಲು 4 ಪೌಂಡ್ ಎಂಬ ಉದಾಹರಣೆಯನ್ನೂ ಕೊಟ್ಟಿತ್ತು. ಕ್ಲಬ್‌ಗಳು ವರದಿಯ ಮೊದಲ ಭಾಗವನ್ನು ಪಾಲಿಸಿದವು, ಎರಡನೆಯದನ್ನು ಮರೆತವು. ಜರ್ಮನಿ ಬೇರೆ ದಾರಿ ಹಿಡಿಯಿತು. ಡಾರ್ಟ್‌ಮುಂಡ್‌ನ ಕ್ರೀಡಾಂಗಣಕ್ಕೆ ದೇಶದೊಳಗಿನ ಪಂದ್ಯಗಳಲ್ಲಿ 81,365 ಜನ ಹಿಡಿಸುತ್ತಾರೆ. ನಿಲ್ಲುವ ಜಾಗಕ್ಕೆಲ್ಲ ಸೀಟು ಹಾಕಬೇಕಾಗುತ್ತಿದ್ದ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಸುಮಾರು 66,000. ಅದೇ ಕಾಂಕ್ರೀಟು, ಹದಿನೈದು ಸಾವಿರ ಜನರ ವ್ಯತ್ಯಾಸ. ಜಾಗ ಹೆಚ್ಚಿದ್ದರೆ ತಲಾ ಬೆಲೆ ಇಳಿಸಬಹುದು. ಅಲ್ಲಿನ ಕ್ಲಬ್‌ಗಳಲ್ಲಿ ಸದಸ್ಯರ ಕೈಯಲ್ಲಿ ಅರ್ಧಕ್ಕಿಂತ ಒಂದು ಮತ ಹೆಚ್ಚು ಇರಬೇಕೆಂಬ 50+1 ನಿಯಮ ಇರುವುದರಿಂದ ಆ ನಿರ್ಧಾರಗಳನ್ನು ಪ್ರೇಕ್ಷಕರು ಕೇಳಬಲ್ಲರು, ಪ್ರಶ್ನಿಸಬಲ್ಲರು. ಜರ್ಮನಿಯ ಅಗ್ರ ಫುಟ್‌ಬಾಲ್ ಲೀಗ್ ಬುಂಡೆಸ್‌ಲಿಗಾದ ಬಹಳಷ್ಟು ಪಂದ್ಯಗಳ ಟಿಕೆಟ್ಟಿನಲ್ಲೇ ಬಸ್ಸು ರೈಲಿನ ಪ್ರಯಾಣವೂ ಸೇರಿರುತ್ತದೆ. ಪಾರ್ಕಿಂಗ್ ಶುಲ್ಕ ತಪ್ಪುವುದು ಹಾಗೆ.

ನಿಂತು ನೋಡುವುದೇ ಅಪಾಯ ಎಂಬ ವಾದಕ್ಕೂ ಈಗ ಉತ್ತರ ಸಿಕ್ಕಿದೆ. ಪ್ರತಿ ಸಾಲಿಗೂ ಸೊಂಟದೆತ್ತರದ ಕಂಬಿ, ಪ್ರತಿಯೊಬ್ಬರಿಗೂ ನಿಗದಿತ ಜಾಗ ಇರುವ ಸುರಕ್ಷಿತ ನಿಲ್ಲುವ ವ್ಯವಸ್ಥೆಗೆ ಇಂಗ್ಲೆಂಡ್ ಕೂಡ 2022-23ರ ಸೀಸನ್‌ನಿಂದ ಪರವಾನಗಿ ಕೊಡುತ್ತಿದೆ. ಅಲ್ಲಿ ಒಂದು ಸೀಟಿಗೆ ಒಬ್ಬರೇ ಎಂಬ ಷರತ್ತಿರುವುದರಿಂದ ಸಾಮರ್ಥ್ಯ ಹೆಚ್ಚುವುದಿಲ್ಲ, ಬೆಲೆಯೂ ತಾನಾಗಿ ಇಳಿಯುವುದಿಲ್ಲ. ಅಳವಡಿಸುವವರು ಇದನ್ನು ಮೊದಲೇ ತಿಳಿದಿರಬೇಕು.

ಮಿತಿ ಹಾಕಿದರೆ ಕ್ಲಬ್ ಮುಳುಗುತ್ತದೆ ಎನ್ನುವವರು 2016ನ್ನು ನೆನಪಿಸಿಕೊಳ್ಳಲಿ. ಲಿವರ್‌ಪೂಲ್ ಕ್ಲಬ್ ಹೊಸ ಸ್ಟ್ಯಾಂಡಿನ ಅತಿ ದುಬಾರಿ ಟಿಕೆಟಿಗೆ 77 ಪೌಂಡ್ ಎಂದು ಘೋಷಿಸಿತು. ಫೆಬ್ರವರಿ 6ರ ಪಂದ್ಯದಲ್ಲಿ 77ನೇ ನಿಮಿಷಕ್ಕೆ ಸುಮಾರು 10,000 ಜನ ಎದ್ದು ಹೊರನಡೆದರು. ಆಗ ತಂಡ 2-0 ಮುಂದಿತ್ತು, ಪಂದ್ಯ 2-2ರಲ್ಲಿ ಮುಗಿಯಿತು. ಒಂದು ವಾರದೊಳಗೆ ಮಾಲೀಕರು ಕ್ಷಮೆ ಕೇಳಿ, ಗರಿಷ್ಠ ಬೆಲೆಯನ್ನು ಮೊದಲಿನ 59 ಪೌಂಡ್‌ನಲ್ಲೇ ನಿಲ್ಲಿಸಿದರು. ಅದೇ ವರ್ಷ ಪ್ರೀಮಿಯರ್ ಲೀಗ್ ಕ್ಲಬ್‌ಗಳು ಎದುರು ಊರಿನಿಂದ ಬರುವ ಬೆಂಬಲಿಗರ ಟಿಕೆಟಿಗೆ 30 ಪೌಂಡ್ ಮಿತಿ ಹಾಕಿಕೊಂಡವು. ಮೊದಲು ಮೂರು ಸೀಸನ್‌ಗೆಂದು ಬಂದದ್ದನ್ನು ಆಮೇಲೆ ಮತ್ತೆ ಮತ್ತೆ ಮುಂದುವರಿಸಿದರು. ಯಾವ ಕ್ಲಬ್ಬೂ ಅದರಿಂದ ಮುಳುಗಲಿಲ್ಲ. ಪ್ರತಿ ಮೈದಾನದಲ್ಲೂ ಕನಿಷ್ಠ 10% ಸೀಟುಗಳಿಗೆ ಇಂಥದೇ ಸ್ಥಿರ ಮಿತಿಯನ್ನು, ಮೂರು ಸೀಸನ್‌ಗೆ ಒಮ್ಮೆ ಪರಿಶೀಲಿಸುವಂತೆ, ಆತಿಥೇಯ ತಂಡದ ಬೆಂಬಲಿಗರಿಗೂ ಹಾಕಿ. ಆ ಸೀಟುಗಳು ಗೋಲಿನ ಹಿಂದೆಯೋ ಮೂಲೆಯಲ್ಲೋ ಇದ್ದರೂ ಚಿಂತೆಯಿಲ್ಲ, ಒಂದೇ ಕಡೆ ಗುಂಪಾಗಿ ಇರಲಿ. ಚದುರಿಸಿದರೆ ಪಂದ್ಯದಿಂದ ಪಂದ್ಯಕ್ಕೆ ಯಾವುದು ಮಿತಿಯ ಸೀಟು, ಯಾವುದು ಅಲ್ಲ ಎಂದು ಹೊರಗಿನವರು ಲೆಕ್ಕ ಇಡಲಾಗದು.

ಕೊನೆಯದಾಗಿ ದಿನಾಂಕ. ಪ್ರಸಾರಕರು ಕೇಳಿದರೆಂದು ಭಾನುವಾರ ಮಧ್ಯಾಹ್ನದ ಪಂದ್ಯ ಸೋಮವಾರ ರಾತ್ರಿಗೆ ಹೋಗುತ್ತದೆ. ಟಿಕೆಟ್ ಕೊಂಡವರಿಗೆ ರೈಲು, ಹೋಟೆಲು, ರಜೆ ಎಲ್ಲ ಕೈಬಿಟ್ಟ ಲೆಕ್ಕ, ಕ್ಲಬ್ ಮಾತ್ರ "ಹೊಸ ದಿನಾಂಕಕ್ಕೂ ಟಿಕೆಟ್ ಮಾನ್ಯ" ಎಂದು ಒಂದು ಸಾಲು ಕಳಿಸಿ ಸುಮ್ಮನಾಗುತ್ತದೆ. ಪಂದ್ಯಕ್ಕೆ ಆರು ವಾರ ಮುಂಚೆ ದಿನ ಮತ್ತು ಸಮಯ ಅಂತಿಮವಾಗಬೇಕು. ಆ ಬಳಿಕ ಬದಲಿಸಿದರೆ ಕೇಳಿದವರಿಗೆಲ್ಲ, ಶುಲ್ಕಗಳೂ ಸೇರಿದಂತೆ, ಪೂರ್ತಿ ಹಣ 14 ದಿನದಲ್ಲಿ ವಾಪಸ್ ಬರಬೇಕು. ಪ್ರಸಾರ ಒಪ್ಪಂದದಲ್ಲೇ ಈ ವೆಚ್ಚ ಯಾರ ತಲೆಗೆ ಎಂದು ಬರೆದುಕೊಳ್ಳಿ. ಬದಲಾವಣೆ ಕೇಳಿದವರೇ ಅದನ್ನು ಭರಿಸುವುದು ಸರಿಯಾದ ಕ್ರಮ.

ಇತಿ,
ಟಿಕೆಟ್ ಕೌಂಟರು, ಸೀಟು ನಕ್ಷೆ ಮತ್ತು ಗೇಟಿನ ಕೆಲಸ ಬಲ್ಲ ಕೆಲವರು